ಗಾಡಿ ನಿಲ್ಲುತ್ತಿದ್ದ ಕಾಲದ ಕ್ಯಾಸಲ್‌ರಾಕ್

ಗುರುವಾರ: ಧಾರವಾಡದಿಂದ ಲೋಂಡಾ

ಧಾರವಾಡ, ಹುಬ್ಬಳ್ಳಿ, ಗದಗಿನ ಹತ್ತಿ ಘಟ್ಟ ಇಳಿದು ಸಮುದ್ರ ಸೇರಬೇಕಾದರೆ ಯಾವ ದಾರಿ ಹಿಡಿಯಬೇಕು? ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಒಂದು ಕಾರವಾರ, ಇನ್ನೊಂದು ಪೋರ್ಚುಗೀಸರ ಕೈಯಲ್ಲಿದ್ದ ಮಾರ್ಮಗೋವಾ. ಕಾರವಾರದವರು ಹುಬ್ಬಳ್ಳಿಯಿಂದ ತಮ್ಮ ಬಂದರಿಗೆ ರೈಲು ಬಂದೇ ಬರುತ್ತದೆಂದು ಕಾದರು. ರೈಲು ಹೋದದ್ದು ಮಾರ್ಮಗೋವೆಗೆ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಇಂದಿಗೂ ಪೂರ್ತಿಯಾಗಿಲ್ಲ ಎಂದು ನೆನೆದಾಗಲೆಲ್ಲ ಆ ಹಳೆಯ ತೀರ್ಮಾನದ ತೂಕ ಎಷ್ಟಿತ್ತೆಂಬುದು ಗೊತ್ತಾಗುತ್ತದೆ. ಅದೇ ತೀರ್ಮಾನದಿಂದ, ಕಾಡಿನ ನಡುವೆ, ಘಟ್ಟದ ನೆತ್ತಿಯ ಮೇಲೆ ಹುಟ್ಟಿದ ಊರು ಕ್ಯಾಸಲ್‌ರಾಕ್. ಈಗ ಜೋಯಿಡಾ ತಾಲೂಕಿಗೆ ಸೇರಿದ ಅದು, ಒಂದು ಕಾಲಕ್ಕೆ ಎರಡು ಸರಕಾರಗಳ ಗಡಿಯ ಠಾಣೆಯಾಗಿತ್ತು.

ಜೊತೆಗೆ ನಮ್ಮ ಕಾಕಾ ಇದ್ದರು. ಹುಬ್ಬಳ್ಳಿ ವಿಭಾಗದಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವರು. 1980ರ ದಶಕದಲ್ಲಿ, ಈ ಲೈನು ಇನ್ನೂ ಕಡಿಮೆ ಅಗಲದ ಮೀಟರ್‌ಗೇಜ್ ಇದ್ದಾಗ, ಕ್ಯಾಸಲ್‌ರಾಕ್–ಕುಳೆಂ (ಘಟ್ಟದ ಬುಡದ ಗೋವೆಯ ಊರು) ಘಟ್ಟದಲ್ಲಿ ಡ್ಯೂಟಿ ಮಾಡಿದವರು. ನಿವೃತ್ತರಾದ ಮೇಲೆ ಆ ಕಡೆ ಹೋಗಿರಲೇ ಇಲ್ಲ. ದಸರೆ ಮುಗಿದ ವಾರ, ಮಳೆ ಹಿಂದೆ ಸರಿದ ಮೇಲೆ ಹೊರಟೆವು.

ಧಾರವಾಡ ದಾಟಿದ ಮೇಲೆ ಕರಿಮಣ್ಣು ತೆಳುವಾಗುತ್ತ ಹೋಗಿ, ಅಳ್ನಾವರದ ಹೊತ್ತಿಗೆ ಕೆಂಪು ನೆಲ, ಭತ್ತದ ಗದ್ದೆ, ಸಾಗವಾನಿ. ಅಳ್ನಾವರದಿಂದ ದಾಂಡೇಲಿಗೆ ಒಂದು ಕವಲು ಹೋಗುತ್ತದೆ, ಕಾಡಿನ ಮರ ಹೊರಗೆ ತರಲು ಹಾಕಿದ್ದು. ಕಾಕಾ ಕಿಟಕಿಗೆ ಆತುಕೊಂಡು ಪ್ರತಿ ಸ್ಟೇಶನ್ನಿನ ಹೆಸರನ್ನೂ ಬೋರ್ಡು ಕಾಣುವ ಮೊದಲೇ ಹೇಳುತ್ತಿದ್ದರು.

ಲೋಂಡಾದಲ್ಲಿ ಇಳಿದು ಅಲ್ಲೇ ಉಳಿದೆವು. ಮಿರಜ, ಬೆಳಗಾವಿ ಕಡೆಯ ಹಳಿ ಮತ್ತು ಗೋವೆಯ ಹಳಿ ಇಲ್ಲಿ ಕೂಡುತ್ತವೆ. ಮುಂಬೈಯಲ್ಲಿ ದುಡಿಯುತ್ತಿದ್ದ ಗೋವೆಯವರು ಊರಿಗೆ ಹೋಗಬೇಕಾದರೆ ರೈಲಿನ ದಾರಿ ಇದೊಂದೇ. ಪುಣೆಯಲ್ಲಿ ದೊಡ್ಡ ಗಾಡಿ ಬಿಟ್ಟು ಸಣ್ಣ ಗಾಡಿ ಹತ್ತಿ, ಮಿರಜ, ಬೆಳಗಾವಿ, ಲೋಂಡಾ, ಆಮೇಲೆ ಘಟ್ಟ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದಾಗ ಆ ಜನವೆಲ್ಲ ಕರಾವಳಿಯ ದಾರಿ ಹಿಡಿದರು. ಲೋಂಡಾ ಜಂಕ್ಷನ್ ಆದ್ದರಿಂದ ಹೇಗೋ ತಡೆದುಕೊಂಡಿತು. ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಚಹಾದ ಕೂಗು ಇನ್ನೂ ಇದೆ, ಬಜಾರದಲ್ಲಿ ಮಿರ್ಚಿ ಭಜಿಯ ವಾಸನೆಯೂ ಇದೆ.

ಶುಕ್ರವಾರ: ಕ್ಯಾಸಲ್‌ರಾಕ್

ಲೋಂಡಾದಿಂದ ಕ್ಯಾಸಲ್‌ರಾಕಿಗೆ ಇಪ್ಪತ್ತೈದು ಕಿಲೋಮೀಟರಿನಷ್ಟು ದಾರಿ. ನಡುವೆ ತಿನೈಘಾಟ್. ಬೆಳಗಾವಿ ಜಿಲ್ಲೆ ಮುಗಿದು ಉತ್ತರ ಕನ್ನಡ ಶುರುವಾದದ್ದು ಕಾಡು ದಟ್ಟವಾದದ್ದರಿಂದಲೇ ತಿಳಿಯುತ್ತದೆ.

ಇಳಿದವರು ಬೆರಳೆಣಿಕೆಯ ಮಂದಿ. ಯಾರ್ಡು ಮಾತ್ರ ಊರಿಗಿಂತ ದೊಡ್ಡದು. ಸಾಲುಸಾಲು ಹಳಿ, ಒಂದರ ಮೇಲೆ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿ ಉಸಿರು ತೆಗೆದುಕೊಳ್ಳುತ್ತ ನಿಂತಿತ್ತು. ಈಗ ಈ ಹಳಿಯ ಮೇಲೆ ಹೆಚ್ಚು ಹತ್ತುವುದು ಇದೇ. ಮಾರ್ಮಗೋವಾ ಬಂದರಿನಲ್ಲಿ ಇಳಿಸಿದ ಹೊರದೇಶದ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಮೊದಲು ಹೊಸಪೇಟೆ, ಬಳ್ಳಾರಿಯ ಅದಿರು ಇದೇ ಹಳಿಯಲ್ಲಿ ಇಳಿದು ಬಂದರು ಸೇರುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ತಡೆದ ಮೇಲೆ ಆ ಸಾಗಾಟ ಬಿದ್ದುಹೋಯಿತು.

ಸ್ಟೇಶನ್ ದಾಟಿ ರೈಲ್ವೆ ಕ್ವಾರ್ಟರ್ಸಿನ ಕಡೆ ನಡೆದೆವು. ಇಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಜನ ಇಲ್ಲದ ಮನೆಯನ್ನು ಆ ಮಳೆ ಬಹಳ ದಿನ ಉಳಿಸುವುದಿಲ್ಲ. ಸಾಲಿನ ಕೊನೆಯ ಮನೆಯೊಳಗೆ ಹೋಗಿ ನೋಡಿದೆ. ಮಂಗಳೂರು ಹೆಂಚು ಅರ್ಧ ಜಾರಿ, ತೊಲೆ ಕಪ್ಪಾಗಿ, ಗೋಡೆಯ ಗಾರೆ ಬಿಟ್ಟ ಕಡೆಯೆಲ್ಲ ಜರಿಗಿಡ ಬೇರಿಳಿಸಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಒಲೆಯ ಮಸಿ ಇನ್ನೂ ಅಂಟಿಕೊಂಡಿದೆ, ಅದರ ಪಕ್ಕದಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರ ಅಳೆದ ಗೆರೆಗಳು, ಒಂದರ ಮೇಲೊಂದು, ಮೊಳೆಯಿಂದ ಗೀರಿದ್ದು. ಹೊಸ್ತಿಲ ಮುಂದೆ ಮೆಟ್ಟಿಲಾಗಿ ಹಾಕಿದ್ದು ಮೀಟರ್‌ಗೇಜ್ ಕಾಲದ ಕಬ್ಬಿಣದ ಸ್ಲೀಪರು. ಬೇಲಿಯ ಕಂಬಗಳು ಕೂಡ ಕತ್ತರಿಸಿ ನೆಟ್ಟ ಹಳೆಯ ಹಳಿಯ ತುಂಡುಗಳೇ. ಕಾಕಾ ಒಳಗೆ ಬರಲಿಲ್ಲ. ಹೊರಗೆ ನಿಂತು, "ಇದೇ ಸಾಲಿನಾಗ ಹಳಿ ಬದಲಿಸೂ ಪಾಯಿಂಟ್ಸ್‌ಮನ್ನರು ಇರ್ತಿದ್ರು. ಸಂಜಿ ಮುಂದ ಇಲ್ಲೆ ಒಂದ ಗದ್ದಲಾ ಇರ್ತಿತ್ತಪಾ" ಅಂದರು.

ಊರು ಹೇಗೆ ಬೆಳೆಯಿತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಗೋವೆ ಮತ್ತು ಬ್ರಿಟಿಷ್ ಭಾರತದ ನಡುವಿನ ಸುಂಕದ ಕಟ್ಟೆ ಹೋಗಬೇಕು, ಗೋವೆಯ ಉಪ್ಪಿನ ಮೇಲಿನ ಹತೋಟಿ ಬ್ರಿಟಿಷರಿಗೆ ಬರಬೇಕು, ಅದಕ್ಕೆ ಬದಲಾಗಿ ಪೋರ್ಚುಗೀಸ್ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ, ಜೊತೆಗೆ ಮಾರ್ಮಗೋವೆಯಿಂದ ಘಟ್ಟದ ಮೇಲಿನವರೆಗೆ ರೈಲು. ಹಳಿ ಹಾಕಲು ಲಂಡನ್ನಿನಲ್ಲಿ ಕಂಪನಿ ಕಟ್ಟಿದರು, ಪೋರ್ಚುಗಲ್ ಬಂಡವಾಳಕ್ಕೆ ಲಾಭದ ಖಾತರಿ ಕೊಟ್ಟಿತು. ಘಟ್ಟದ ಮೇಲಿನಿಂದ ಸದರ್ನ್ ಮರಾಠಾ ರೈಲ್ವೆ ಬಂತು. 1888ರ ಹೊತ್ತಿಗೆ ಎರಡೂ ಕ್ಯಾಸಲ್‌ರಾಕಿನಲ್ಲಿ ಕೂಡಿದವು.

1880ರಲ್ಲಿ ಜಾರಿಗೆ ಬಂದ ಒಪ್ಪಂದದ ಅವಧಿ ಹನ್ನೆರಡೇ ವರ್ಷ. 1892ರಲ್ಲಿ ಅದು ಮುಗಿದಾಗ ಯಾರೂ ಮುಂದುವರಿಸಲಿಲ್ಲ. ಗಡಿಯ ಸುಂಕ ಮರಳಿ ಬಂತು. ಗಡಿಯನ್ನು ಮರೆಸಲು ಹಾಕಿದ ಹಳಿ ನಾಲ್ಕೇ ವರ್ಷದಲ್ಲಿ ಗಡಿಯ ಹಳಿಯಾಯಿತು. ಗೋವೆಗೆ ಹೋಗುವ, ಗೋವೆಯಿಂದ ಬರುವ ಪ್ರತಿ ಗಾಡಿಯೂ ಇಲ್ಲಿ ನಿಲ್ಲಬೇಕು, ಪ್ರತಿ ಪೆಟ್ಟಿಗೆಯೂ ತೆರೆಯಬೇಕು. ಕೆಳಗೆ ಕುಳೆಂನಲ್ಲಿ ಪೋರ್ಚುಗೀಸರು ಅದನ್ನೇ ಮತ್ತೊಮ್ಮೆ ಮಾಡುತ್ತಿದ್ದರು. ಸುಂಕದವರು, ಪೊಲೀಸರು, ಕಾರಕೂನರು, ಹಮಾಲರು, ಅವರಿಗೆ ಊಟ ಹಾಕುವವರು, ಅವರ ಬಟ್ಟೆ ಒಗೆಯುವವರು, ಹೀಗೆ ಊರು ಬೆಳೆಯಿತು. ಗೋವೆಯ ಹಳಿ ಹಾಕಿದ ಲಂಡನ್ ಕಂಪನಿಗೆ ಲಾಭವೇ ಆಗಲಿಲ್ಲ. 1902ರಲ್ಲಿ ಗಾಡಿ ಓಡಿಸುವ ಕೆಲಸವನ್ನು ಸದರ್ನ್ ಮರಾಠಾದವರೇ ವಹಿಸಿಕೊಂಡರು. ಕಂಪನಿ ಸೋತರೂ ಊರು ಸೋಲಲಿಲ್ಲ. ನನ್ನ ಲೆಕ್ಕದಲ್ಲಿ ಕ್ಯಾಸಲ್‌ರಾಕ್ ಬದುಕಿದ್ದು ಗಾಡಿ ಓಡಿದ್ದರಿಂದಲ್ಲ, ನಿಂತದ್ದರಿಂದ.

ಬಜಾರ ಎಂದು ಕರೆಯುವ ರಸ್ತೆಯಲ್ಲಿ ಕೆಲವು ಅಂಗಡಿ ತೆರೆದಿದ್ದವು. ಒಂದು ಕಿರಾಣಿ ಅಂಗಡಿಯ ಮುಂದೆ ಅಜ್ಜಿಯೊಬ್ಬರು ಕೂತಿದ್ದರು. ಮನೆಯ ಮಾತು ಕೊಂಕಣಿ, ನಮ್ಮೊಂದಿಗೆ ಕನ್ನಡ, ಕಾಕಾನೊಂದಿಗೆ ನಡುನಡುವೆ ಮರಾಠಿ. ಅವರ ಅಪ್ಪ ಸ್ಟೇಶನ್ನಿನಲ್ಲಿ ಹಮಾಲ.

"ಗಾಡಿ ಬಂತು ಅಂದ್ರ ನಮಗ ಹಬ್ಬ ನೋಡ್ರಿ. ಎಲ್ಲಾ ಪೆಟಿಗಿ ಕೆಳಗ. ಮಂದಿ ಎಲ್ಲಾ ಇಳದು ನಿಂದ್ರೂದು. ನಮ್ಮವ್ವ ಬಾಳಿಹಣ್ಣು ಮಾರತಿದ್ಳು. ಬೊಂಬಾಯಿಂದ ಬಂದವ್ರು ಹುಡುಗರಿಗೆ ಬಿಸ್ಕೀಟು ಕೊಡ್ತಿದ್ರು."

"ಆಮ್ಯಾಲೆ ಏನಾತ್ರೀ ಅಜ್ಜಿ?" ಅಂದೆ.

"ಆಮ್ಯಾಲೆ ಗಾಡಿನ ನಿಂತ್ವು. ನಾ ಆಗ ಸಣ್ಣಾಕಿ. ಅಪ್ಪ ಬಾಳ ದಿವಸ ಸ್ಟೇಶನ್ನಿಗೆ ಹೋಗಿ ಸುಮ್ಮ ಕೂತು ಬರ್ತಿದ್ದ."

ಅದು 1955. ಆ ವರ್ಷದ ಆಗಸ್ಟ್ 15ರಂದು ಗಡಿಯ ಹಲವು ಕಡೆಗಳಿಂದ ಸತ್ಯಾಗ್ರಹಿಗಳು ಗೋವೆಯೊಳಗೆ ನಡೆದರು. ಕ್ಯಾಸಲ್‌ರಾಕಿನಿಂದ ಹಳಿಗುಂಟ ಇಳಿದ ಗುಂಪೂ ಇತ್ತು. ಪೋರ್ಚುಗೀಸರು ಗುಂಡು ಹಾರಿಸಿದರು. ಅಂದು ಗಡಿಯಲ್ಲಿ ಸತ್ತವರು ಇಪ್ಪತ್ತಕ್ಕೂ ಹೆಚ್ಚು ಮಂದಿ. ಅದಾದ ಮೇಲೆ ಭಾರತ ಸರಕಾರ ಗೋವೆಯೊಂದಿಗಿನ ರೈಲು ಸಂಪರ್ಕ ಕಡಿದುಹಾಕಿತು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆ ಆಗುವವರೆಗೂ ಕ್ಯಾಸಲ್‌ರಾಕ್ ಲೈನಿನ ಕಟ್ಟಕಡೆಯ ಊರಾಗಿಯೇ ಉಳಿಯಿತು.

ಬಿಡುಗಡೆಯ ಮೇಲೆ ಹಳಿ ಮತ್ತೆ ಕೂಡಿತು. ಆದರೆ ಪೆಟ್ಟಿಗೆ ತೆರೆಸುವವರು ಇರಲಿಲ್ಲ. ದೇಶಕ್ಕೆ ಅದು ಎಂಥ ಸಂತೋಷದ ದಿನ! ಆ ಸಂತೋಷದಲ್ಲಿ ಈ ಊರಿನವರೂ ಕುಣಿದರಂತೆ, ಅಜ್ಜಿಯೇ ಹೇಳಿದರು. ಸುಂಕದವರ ಮನೆಗಳು ಖಾಲಿಯಾದದ್ದು ಆಮೇಲೆ ನಿಧಾನಕ್ಕೆ ಎಲ್ಲರ ಕಣ್ಣಿಗೆ ಬಿತ್ತು. ಅಜ್ಜಿಯ ಅಪ್ಪನ ಜೊತೆಗಿನ ಹಮಾಲರಲ್ಲಿ ಕೆಲವರು ಲೋಂಡಾಕ್ಕೆ, ಕೆಲವರು ಹುಬ್ಬಳ್ಳಿಗೆ, ಕೆಲವರು ಗೋವೆಗೇ ಹೋದರು.

ಶನಿವಾರ: ಯಾರ್ಡು ಮತ್ತು ಕಾಡು

ಗಡಿ ಹೋದ ಮೇಲೂ ಊರು ಪೂರ್ತಿ ಸಾಯಲಿಲ್ಲ, ಏಕೆಂದರೆ ಗಾಡಿ ನಿಲ್ಲಲು ಇನ್ನೊಂದು ಕಾರಣ ಉಳಿದಿತ್ತು: ಘಟ್ಟ. ಇಲ್ಲಿಂದ ಕುಳೆಂವರೆಗಿನ ಸುಮಾರು 26 ಕಿಲೋಮೀಟರಿನಲ್ಲಿ ಹಳಿ ಐನೂರು ಮೀಟರಿನಷ್ಟು ಇಳಿಯುತ್ತದೆ. ಇಳಿಜಾರು 37ಕ್ಕೆ 1. ಅಂದರೆ 37 ಮೀಟರ್ ಹೋದರೆ ಒಂದು ಮೀಟರ್ ಕೆಳಗೆ. ರಸ್ತೆಗೆ ಇದು ದೊಡ್ಡ ಮಾತಲ್ಲ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಇದು ಬಹಳ ಕಡಿದು.

ಹಾಗಾಗಿ ಇಳಿಯುವ ಪ್ರತಿ ಗಾಡಿಯ ಬ್ರೇಕನ್ನೂ ಇಲ್ಲಿ ಪರೀಕ್ಷಿಸಬೇಕು. ಬೆಳಿಗ್ಗೆ ಸ್ಟೇಶನ್ನಿನವರ ಅನುಮತಿ ಕೇಳಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ನೋಡಿದೆವು. ಖಾಲಿ ಗೂಡ್ಸ್ ಒಂದು ಬಂದರಿನ ಕಡೆ ಇಳಿಯಲು ತಯಾರಾಗುತ್ತಿತ್ತು. ಒಬ್ಬರು ಗಾಡಿಗುಂಟ ನಡೆಯುತ್ತ, ಬಗ್ಗಿ, ಪ್ರತಿ ವ್ಯಾಗನ್ನಿನ ಬ್ರೇಕಿನ ಬ್ಲಾಕು ಗಾಲಿಗೆ ಅಂಟಿದೆಯೇ ಎಂದು ನೋಡಿ, ಕೆಲವಕ್ಕೆ ಕೈಯಿಂದ ತಟ್ಟಿ ಮುಂದೆ ಹೋಗುತ್ತಿದ್ದರು. ಹಿಂದಿನ ತುದಿಯಲ್ಲಿ ಗಾಳಿಯ ಒತ್ತಡ ಅಳೆದು ವಾಕಿಟಾಕಿಯಲ್ಲಿ ಹೇಳಿದರು. ಎಂಜಿನ್ನಿನವರು ಬ್ರೇಕ್ ಬಿಟ್ಟರು. ಸುಂಯ್ ಅನ್ನುವ ಸದ್ದು ಮುಂದಿನಿಂದ ಹಿಂದಿನವರೆಗೆ ಒಂದೊಂದೇ ವ್ಯಾಗನ್ ದಾಟಿ ಬಂತು.

"ನಮ್ಮ ಕಾಲದಾಗ ವ್ಯಾಕ್ಯೂಮ್ ಬ್ರೇಕು" ಅಂದರು ಕಾಕಾ. "ಅದರ ಮ್ಯಾಲೆ ಪೂರ್ತಿ ಭರೋಸಾ ಇಡಂಗಿಲ್ಲ. ನಾ ಹಿಂದ ಬ್ರೇಕ್‌ವ್ಯಾನಿನಾಗ ಕೈಬ್ರೇಕಿನ ಚಕ್ರ ಹಿಡಕೊಂಡ ನಿಂತಿರತಿದ್ದೆ. ಕುಳೆಂ ಬರೂದ್ರಾಗ ಅಂಗೈ ಕೆಂಪಗ ಆಗತಿತ್ತು."

"ಗಾಡಿ ಕೈಬಿಟ್ರ ಏನ ಮಾಡ್ತಿದ್ರಿ ಕಾಕಾ?"

"ಅದಕ್ಕ ಕ್ಯಾಚ್ ಸೈಡಿಂಗ್ ಐತಲಾ. ಪಾಯಿಂಟು ಯಾವಾಗಲೂ ಅದರ ಕಡೆನ ತಿರುಗಿರತೈತಿ. ಗಾಡಿ ಬಂದು ನಿಂತರಷ್ಟ ಮೇನ್ ಲೈನ್ ಕೊಡ್ತಾರ. ನಿಂದರಲಿಲ್ಲಂದ್ರ ಸೀದಾ ಏರಿನ ಕಡೆ ಹೋಗಿ ಅಲ್ಲೆ ಸತ್ತು ನಿಂದರತೈತಿ."

ಹತ್ತುವ ಗಾಡಿಗೆ ಕುಳೆಂನಲ್ಲಿ ಬ್ಯಾಂಕರ್ ಎಂಜಿನ್ ಹಚ್ಚುತ್ತಾರೆ. ಹಿಂದಿನಿಂದ ನೂಕಲು. ನಿನ್ನೆ ಕಂಡ ಕಲ್ಲಿದ್ದಲಿನ ಗಾಡಿಗೆ ಮುಂದೆ ಎರಡು, ಹಿಂದೆ ಮೂರು ಎಂಜಿನ್ ಇದ್ದವು. ಇಲ್ಲಿ ಬಂದ ಮೇಲೆ ಹಿಂದಿನವನ್ನು ಬಿಚ್ಚಿ ಕೆಳಗೆ ಕಳಿಸುತ್ತಾರೆ. ಉಗಿಬಂಡಿಯ ಕಾಲದಲ್ಲಿ ಇದಕ್ಕೆಲ್ಲ ಎಷ್ಟು ಕೈ ಬೇಕಿತ್ತು ಎಂದು ಊಹಿಸಿ: ಬೆಂಕಿಗೆ ಕಲ್ಲಿದ್ದಲು ಎರಚುವವರು, ಬೂದಿ ತೆಗೆಯುವವರು, ನೀರು ತುಂಬುವವರು, ರಾತ್ರಿಯಿಡೀ ಬೆಂಕಿ ಕಾಯುವವರು. ಡೀಸೆಲ್ ಬಂದಾಗ ಅವರಲ್ಲಿ ಬಹಳ ಜನ ಬೇಡವಾದರು. 1990ರ ದಶಕದಲ್ಲಿ ಅಗಲ ಹಳಿಯ ಬ್ರಾಡ್‌ಗೇಜ್ ಬಂದಾಗ ಇನ್ನಷ್ಟು ಜನ. ಗೇಜ್ ಬದಲಿಸುವ ಕೆಲಸಕ್ಕೆ ಘಟ್ಟದ ಲೈನು ಮುಚ್ಚಿದ್ದಾಗ ಹೋದ ಕುಟುಂಬಗಳು ಮರಳಲಿಲ್ಲ, ಮಕ್ಕಳ ಶಾಲೆ ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾಗಿತ್ತು ಎಂದರು ಕಾಕಾ. ನೌಕರಿ ಹೋದದ್ದಕ್ಕಿಂತ ಈ ಶಾಲೆಯ ಮಾತೇ ನನಗೆ ಹೆಚ್ಚು ನಿಜವೆನಿಸಿತು. ಮಕ್ಕಳನ್ನು ಎಲ್ಲಿ ಓದಿಸುತ್ತೀರೋ ಅಲ್ಲೇ ನಿಮ್ಮ ಊರು.

ಮಧ್ಯಾಹ್ನ ಜೀಪು ಮಾಡಿಕೊಂಡು ಕುವೇಶಿಯ ಕಡೆ ಹೋದೆವು. ಕಾಳಿ ಹುಲಿ ರಕ್ಷಿತಾರಣ್ಯದೊಳಗಿನ ಊರು, ಕುಣಬಿಗಳ ಮನೆಗಳು. ಮನೆಯ ಹಿತ್ತಿಲಲ್ಲಿ ಗೆಡ್ಡೆಗೆಣಸಿನ ಬಳ್ಳಿ ಮರಕ್ಕೆ ಹಬ್ಬಿಸಿದ್ದರು. ಜೋಯಿಡಾದಲ್ಲಿ ಇವುಗಳದೇ ಮೇಳ ನಡೆಯುತ್ತದೆ. ರೈಲು ಬರುವ ಮೊದಲೂ ಇದ್ದವರು, ರೈಲಿನ ಊರು ಕುಗ್ಗಿದ ಮೇಲೂ ಇರುವವರು ಇವರೇ. ಒಬ್ಬ ಹಿರಿಯರು ಹೇಳಿದ ಮಾತು: ಅವರ ಅಜ್ಜನ ಕಾಲದಲ್ಲಿ ಕ್ಯಾಸಲ್‌ರಾಕಿಗೆ ಹಾಲು, ಜೇನು, ಸೌದೆ ಮಾರಲು ದಿನಾ ನಡೆದು ಹೋಗುತ್ತಿದ್ದರಂತೆ. ಈಗ ಕೊಳ್ಳುವವರಿಲ್ಲ, ಕಾಡಿನಿಂದ ತರುವ ಹಾಗೂ ಇಲ್ಲ.

ಭಾನುವಾರ: ಘಟ್ಟ ಇಳಿದು ಕುಳೆಂ

ದೂಧಸಾಗರ ಜಲಪಾತ ನೋಡಲು ಹಳಿಯ ಮೇಲೆ ನಡೆದು ಹೋಗಬೇಡಿ. ಮೊದಲು ಎಲ್ಲರೂ ಹೋಗುತ್ತಿದ್ದರು, ಈಗ ರೈಲ್ವೆಯವರು ಕಟ್ಟುನಿಟ್ಟಾಗಿ ತಡೆದಿದ್ದಾರೆ, ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅಪರಾಧ. ಬೋಗದೆಯೊಳಗೆ ಇಕ್ಕೆಲದಲ್ಲಿ ನಿಲ್ಲಲು ಜಾಗ ಎಷ್ಟಿದೆ ಎಂಬುದನ್ನು ಕಿಟಕಿಯಿಂದ ಒಮ್ಮೆ ನೋಡಿದರೆ ಸಾಕು.

ನಾವು ಗಾಡಿಯಲ್ಲೇ ಇಳಿದೆವು. ಕಾರಂಜೋಳ, ದೂಧಸಾಗರ, ಸೋನಾವಳಿ. ನಡುವೆ ಒಂದು ಡಜನ್ನಿಗೂ ಹೆಚ್ಚು ಬೋಗದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. 2023ರ ಜುಲೈಯಲ್ಲಿ ಕ್ಯಾಸಲ್‌ರಾಕ್–ಕಾರಂಜೋಳದ ನಡುವೆ ಗುಡ್ಡ ಕುಸಿದು ಗಾಡಿಗಳು ನಿಂತಿದ್ದವು. ಹೊಸದಾಗಿ ತಂತಿಬಲೆ ಬಿಗಿದ ಜಾಗಗಳು ಕಾಣುತ್ತಿದ್ದವು. ಮಳೆಗಾಲದ ರಾತ್ರಿ ಟಾರ್ಚು ಹಿಡಿದು ಈ ಹಳಿಗುಂಟ ನಡೆಯುವ ಗ್ಯಾಂಗ್‌ಮನ್ನರನ್ನು ನೆನೆಸಿಕೊಂಡರೆ ಕೈಮುಗಿಯಬೇಕು ಅನ್ನಿಸುತ್ತದೆ. ನಮ್ಮನ್ನು ಕ್ಷೇಮವಾಗಿ ಗೋವೆಗೆ ಇಳಿಸುವವರು ಅವರು.

ಜಲಪಾತದ ಎದುರಿನ ಸೇತುವೆಯ ಮೇಲೆ ಡಬ್ಬಿಯ ಜನವೆಲ್ಲ ಒಂದೇ ಪಕ್ಕಕ್ಕೆ ಬಂದರು. ಮುನ್ನೂರು ಮೀಟರಿಗೂ ಎತ್ತರದಿಂದ ನೀರು ಹಂತಹಂತವಾಗಿ ಇಳಿಯುತ್ತಿತ್ತು. ತುಂತುರು ಕಿಟಕಿಯೊಳಗೆ ಬಂತು. ಕಾಕಾ ಮಾತ್ರ ನೀರಿನ ಕಡೆ ನೋಡದೆ ಎದುರಿನ ಗುಡ್ಡದ ಅಂಚಿನಲ್ಲಿ ಹಳಿ ತಿರುಗುವ ಕಡೆ ನೋಡುತ್ತಿದ್ದರು, ಅಲ್ಲಿ ಅವರಿಗೆ ಹಿಂದಿನ ಎಂಜಿನ್ನಿನ ಸೀಟಿ ಕೇಳಬೇಕಿತ್ತಂತೆ, ಕೇಳದಿದ್ದರೆ ಗಾಡಿ ನಿಲ್ಲಿಸಬೇಕಿತ್ತಂತೆ.

ಕುಳೆಂನಲ್ಲಿ ಇಳಿದಾಗ ಕಂಡದ್ದು ಬೇರೆಯೇ ಲೋಕ. ಸ್ಟೇಶನ್ನಿನ ಹೊರಗೆ ಜೀಪುಗಳ ಸಾಲು, ಲೈಫ್ ಜಾಕೆಟ್ ಹೊತ್ತ ಹುಡುಗರು, ಊಟದ ಹೋಟೆಲು. ಮಳೆಗಾಲ ಮುಗಿದೊಡನೆ ಇಲ್ಲಿಂದ ಕಾಡಿನೊಳಗೆ ದೂಧಸಾಗರದ ಬುಡಕ್ಕೆ ಜೀಪು ಹೋಗುತ್ತವೆ, ಊರಿನ ನೂರಾರು ಮನೆ ಅದರಿಂದ ನಡೆಯುತ್ತದೆ. ಒಂದೇ ಹಳಿಯ ಎರಡು ತುದಿ, ಎರಡೂ ಸುಂಕದ ಠಾಣೆಗಳು. ಕೆಳಗಿನ ಊರಿಗೆ ಜಲಪಾತ ಅನ್ನ ಕೊಟ್ಟಿತು. ಮೇಲಿನ ಊರಿಗೆ ಅದೇ ಜಲಪಾತದಿಂದ ಬಂದದ್ದು ಬೆನ್ನುಚೀಲದವರ ಪ್ಲಾಸ್ಟಿಕ್ ಬಾಟಲಿ ಮಾತ್ರ. ಇದಕ್ಕೆ ಕಾರಣ ಜನರ ಸೋಮಾರಿತನ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಗೋವೆಗೆ ಬರುವ ಪ್ರವಾಸಿಗರು ಕುಳೆಂಗೆ ಒಂದು ದಿನದಲ್ಲಿ ಬಂದು ಹೋಗಬಹುದು. ಕ್ಯಾಸಲ್‌ರಾಕಿಗೆ ಬರಲು ಗಾಡಿಯ ಸಮಯ ನೋಡಬೇಕು, ಕಾಡಿನ ಅನುಮತಿ ನೋಡಬೇಕು.

ಈಗಿನ ದೊಡ್ಡ ವಾದ ಎರಡನೇ ಹಳಿಯದು. ಕ್ಯಾಸಲ್‌ರಾಕಿನವರೆಗೆ ಜೋಡಿ ಹಳಿ ಬಂದಿದೆ. ಕುಳೆಂವರೆಗೆ ಮುಂದುವರಿಸಲು ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಗೋವೆಯಲ್ಲಿ ಇದರ ವಿರುದ್ಧ ಜನ 2020ರ ನವೆಂಬರಿನಲ್ಲಿ ರಾತ್ರಿಯಿಡೀ ಚಾಂದೋರಿನ ಹಳಿಯ ಮೇಲೆ ಕೂತಿದ್ದರು. ಕಲ್ಲಿದ್ದಲಿಗಾಗಿ ಈ ಕಾಡು ಕಡಿಯಬಾರದು ಎಂಬುದೇ ನನ್ನ ಅಭಿಪ್ರಾಯ. ಎರಡನೇ ಹಳಿ ಬಂದರೂ ಕ್ಯಾಸಲ್‌ರಾಕಿಗೆ ಜನ ಮರಳುವುದಿಲ್ಲ. ಅಲ್ಲಿ ಗಾಡಿ ಈಗಿನಷ್ಟೂ ಹೊತ್ತು ನಿಲ್ಲದೆ ಹೋಗುತ್ತದೆ, ಅಷ್ಟೆ.

ಊರಿಗೆ ಬೇಕಾದದ್ದು ಸಣ್ಣ ಕೆಲಸಗಳು. ಬಿದ್ದುಹೋಗುವ ಮುನ್ನ ಕ್ವಾರ್ಟರ್ಸಿನ ಒಂದು ಸಾಲನ್ನು ರಿಪೇರಿ ಮಾಡಿ ಊರಿನ ಮಹಿಳೆಯರ ಸಂಘಕ್ಕೆ ತಂಗುದಾಣ ನಡೆಸಲು ಕೊಡಬಹುದು. ಕುವೇಶಿಗೆ ಹೋಗುವವರು ಊರಿನವರ ಜೀಪಿನಲ್ಲೇ ಹೋಗುವಂತೆ ಮಾಡಬಹುದು. ಮುಖ್ಯವಾಗಿ, ಗಡಿಯ ಕಾಲ ಕಂಡವರ ಮಾತುಗಳನ್ನು ಬೇಗ ಬರೆದಿಡಬೇಕು. 1961ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅಜ್ಜಿಯನ್ನು ಮತ್ತೆ ಕಂಡು, ಅವರ ಮಾತನ್ನು ಕೊಂಕಣಿಯಲ್ಲೇ ರೆಕಾರ್ಡು ಮಾಡಿಕೊಳ್ಳಲು ಡಿಸೆಂಬರಿನಲ್ಲಿ ಹೋಗುವುದೆಂದು ಕುಳೆಂನ ಹೋಟೆಲಿನಲ್ಲಿ ಮೀನೂಟ ಮಾಡುತ್ತ ಕಾಕಾ ಮತ್ತು ನಾನು ಗೊತ್ತುಮಾಡಿದೆವು. ಹಳೆಯ ಡ್ಯೂಟಿ ಡೈರಿಗಳು ಅಟ್ಟದ ಮೇಲಿವೆ, ಅವನ್ನೂ ಇಳಿಸಿ ಕೊಡುತ್ತೇನೆ ಅಂದರು. ಕ್ಯಾಸಲ್‌ರಾಕ್, ತಿನೈಘಾಟ್ ಕಡೆ ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಇವತ್ತೇ ಅವರ ಪಕ್ಕ ಕೂತು ಕೇಳಿ: ಗಾಡಿ ಎಷ್ಟು ಹೊತ್ತು ನಿಲ್ಲುತ್ತಿತ್ತು, ಆ ಹೊತ್ತಿನಲ್ಲಿ ಯಾರು ಯಾರು ಏನು ಮಾಡುತ್ತಿದ್ದರು.